ಪುಟ್ಟಿಯ ಕೆಳಗಿನ ಅಕ್ಷರ

ಆ ಬಾಗಿಲಿನ ಮೇಲೆ ‘ತಾಯಿ’ ಎಂದು ಕೊರೆದವನು ನಾನು. ಸುನೀಲನಲ್ಲ. ಶೇಡಬಾಳದ ಅಂಜನಾಬಾಯಿ ಒಂಬತ್ತು ವರ್ಷದಿಂದ ಯಾವ ಅಕ್ಷರಗಳ ಮೇಲೆ ಬೆರಳಾಡಿಸುತ್ತಾರೋ ಅವು ಅವರ ಹುಡುಗ ಬರೆದವಲ್ಲ — ಅಂಕಲಿಯ ಈ ರಜಾಕ್ ಮಿಸ್ತ್ರಿ ಮೊಳೆ ಹಿಡಿದು ಗೀಚಿದವು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ, ನನ್ನ ಬುದ್ಧಿ ನನಗೆ ಗೊತ್ತು, ಹೇಳದೆಯೇ ಎದ್ದು ಹೋದೇನು.

ನನ್ನದು ಗಾಡಿಗಳ ಡೆಂಟಿಂಗ್, ಪೇಂಟಿಂಗ್ ಕೆಲಸ. ಮಿಲ್ಟ್ರಿಯವರು ಹರಾಜು ಹಾಕಿದ ಹಳೇ ಪಿಕಪ್ ಒಂದು ಗುಜರಿಯವನ ಅಂಗಳದಲ್ಲಿ ಬಿದ್ದಿತ್ತು. ಅದನ್ನು ಯಾರಿಗೂ ಅಲ್ಲ, ನನಗಾಗಿಯೇ ಎಳೆದು ತಂದೆ. ಹುಚ್ಚು, ಮತ್ತೇನು! ಕೊಳೆತ ತಳದ ತಗಡು ಕೊಯ್ದು ಹೊಸದು ಬೆಸೆದೆ. ಹೊಸ ಡೀಸೆಲ್ ಎಂಜಿನ್ ಕೂರಿಸಿದೆ, ಪವರ್ ಸ್ಟೇರಿಂಗ್ ಹಾಕಿದೆ, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಹಾಕಿದೆ. ಎಂಟು ತಿಂಗಳು ಹಿಡಿಯಿತು. ಡ್ರೈವರ್ ಬದಿಯ ಬಾಗಿಲಿನ ಒಳಮೈಯಲ್ಲಿ, ಹಿಡಿಕೆಯ ಮೇಲೆ, ಏನೋ ಗೀಚಿದ ಗುರುತಿತ್ತು. ತುಕ್ಕು ಮುಚ್ಚಿತ್ತು. ಏನೆಂದು ನಾನು ನೋಡಲಿಲ್ಲ. ನಾಲ್ಕು ಸಲ ಪಾಲಿಶ್ ಕಾಗದ ತಿಕ್ಕಿ, ತುಕ್ಕನ್ನು ಪೂರ್ತಿ ಕೀಳದೆ, ಗೀರು ತಗ್ಗು ತುಂಬುವ ಪುಟ್ಟಿ ಮೆತ್ತಿ ಹಸಿರು ಬಣ್ಣ ಹೊಡೆದೆ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಶೆಡ್ಡಿನಿಂದ ಬೈದು ಓಡಿಸುತ್ತಿದ್ದೆ. ಬಣ್ಣ ಮಾತ್ರ ಎಷ್ಟು ಚೆಂದ ಬಂದಿತ್ತೆಂದರೆ, ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಬಣ್ಣ ಒಣಗಿದ ಮರುದಿನ ಮಧ್ಯಾಹ್ನ ಅಂಜನಾಬಾಯಿ ಬಂದರು. ತಲೆ ನರೆತಿತ್ತು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ.

“ಮಿಲ್ಟ್ರಿ ಗಾಡಿ ತಂದೀರಂತಲ್ರಿ. ನಮ್ಮ ಹುಡುಗ ಸುನೀಲ ಇಂಥಾದ್ದ ಹೊಡಿತಿದ್ದ.”

ಗುಡ್ಡದ ಮೇಲೆ, ಹಿಮದ ದಾರಿಯಲ್ಲಿ ಅವನ ಪಿಕಪ್ ನಿಂತಿತ್ತಂತೆ — ಎಂಜಿನ್ ಚಾಲೂ, ಡ್ರೈವರ್ ಬಾಗಿಲು ತೆರೆದದ್ದು, ಸೀಟಿನ ಮೇಲೆ ಅವನ ಕೈಗವಸು. ಗಾಡಿ ಸಿಕ್ಕಿತು, ಅವನು ಸಿಗಲಿಲ್ಲ. ಇಳಿದು ಹೋದ ಹೆಜ್ಜೆಯ ಗುರುತೂ ಹಿಮದ ಮೇಲೆ ಇರಲಿಲ್ಲ ಎಂದು ಅವನ ಜೊತೆಯವನೊಬ್ಬ ಬಂದು ಹೇಳಿ ಹೋಗಿದ್ದ. ಅಂದಿನಿಂದ ಈ ಹೆಣ್ಣುಮಗಳು ಅಥಣಿ, ರಾಯಬಾಗ, ನಿಪ್ಪಾಣಿ ಎಂದು ಎಲ್ಲೆಲ್ಲಿ ಮಿಲ್ಟ್ರಿ ಗಾಡಿ ಬಂದಿದೆಯೋ ಅಲ್ಲೆಲ್ಲ ಹೋಗಿ ಬಾಗಿಲು ತೆಗೆದು ನೋಡುತ್ತಿದ್ದರು.

“ಬಾಗಲ ಒಳಗ, ಹಿಡಕಿ ಮ್ಯಾಲ, ನಿನ್ನ ಕರಿಯೂ ಹೆಸರ ಕೊರದೀನಿ ಅಂತ ಪತ್ರ ಬರದಿದ್ದ.”

“ಅಂವ ನಿಮಗ ಏನಂತ ಕರೀತಿದ್ದರಿ?”

“ತಾಯಿ ಅಂತಿದ್ದ.”

ನಾನು ಕೇಳಿಸಿಕೊಂಡದ್ದು ಹಾಗೆ. ಚೀಲದಿಂದ ಅವನ ಪತ್ರ ತೆಗೆದು ಚಾಚಿದರು, ಅಕ್ಷರ ಹೊಂದಿಸಿ ನೋಡಬೇಕಂತೆ. ನನ್ನ ಕೈಗೆ ಥಿನ್ನರ್ ಹತ್ತಿತ್ತು — ಇಲ್ಲ, ಅದೂ ನೆಪವೇ. ಪತ್ರ ಮುಟ್ಟಲಿಲ್ಲ. ಆ ಜಾಗದಲ್ಲಿ ಏನೋ ಇತ್ತು, ಅದನ್ನು ನೋಡದೆ ಮುಚ್ಚಿದವನು ನಾನೇ. “ನಾಳಿ ಬರ್ರಿ ಅವ್ವಾರ, ಬಣ್ಣ ತಗದ ತೋರಸ್ತೀನಿ,” ಎಂದೆ.

ಪುಟ್ಟಿ ಕೆರೆದು ನೋಡಬಹುದಿತ್ತು. ಅರ್ಧ ದಿನದ ಕೆಲಸ. ಬಾಗಿಲಿನ ಬಣ್ಣವೆಲ್ಲ ಕೆಡುತ್ತದೆಂದು ಕೈ ಬರಲಿಲ್ಲ — ಹೌದು, ಬಣ್ಣ! ಥೂ ನನ್ನ! ಜೊತೆಗೆ ಇನ್ನೊಂದು ಹೆದರಿಕೆ. ಕೆಳಗೆ ಬೇರೆ ಯಾರದೋ ಹೆಸರಿದ್ದರೆ? ಏನೂ ಉಳಿಯದಿದ್ದರೆ? ಮೊಳೆ ತೆಗೆದುಕೊಂಡೆ. ಅಂಗೈಯಗಲ ಬಣ್ಣ ಉಜ್ಜಿ, ಪುಟ್ಟಿಯ ಮೇಲೆ ‘ತಾಯಿ’ ಎಂದು ಕೊರೆದೆ. ಹಳೆಯದಾಗಿ ಕಾಣಲೆಂದು ಕರಿ ಆಯಿಲ್ ಬಳಿದು ಅಂಗಳದ ಮಣ್ಣು ತಿಕ್ಕಿದೆ. ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಮರುದಿನ ಅವರು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಅಂವ ಕಲ್ತದ್ದ ಮರಾಠಿ ಸಾಲ್ಯಾಗ… ಕನ್ನಡ ಬರಿಯೂದ ಯಾವಾಗ ಕಲ್ತಾ?”

ಉತ್ತರವನ್ನು ಅವರೇ ಹುಡುಕಿಕೊಂಡರು. “ಯಾರರ ದೋಸ್ತ ಕಲಿಸಿರಬೇಕ ತಗೋರಿ.” ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಂದರು: “ನಾ ಅಂವನ ಅಕ್ಕರಿ, ಮಿಸ್ತ್ರಿ. ಹಡದಾಕಿ ಹೋದಾಗ ಅಂವ ಮೂರ ವರ್ಷದಂವ, ನಾನ ಸಾಕೀನಿ. ಬಾಯಿ ತುಂಬ ತಾಈ, ತಾಈ ಅಂತಿದ್ದ, ನಮ್ಮ ಕಡೆ ಅಕ್ಕಗ ಅಂತೀವಲ್ಲ, ಹಂಗ. ಇಲ್ಲಿ ನೋಡ್ರಿ — ತಾಯಿ ಅಂತ ಬರದಾನ. ನನ್ನ ತಾಯಿ ಮಾಡಿ ಹೋಗ್ಯಾನ.”

ತಾಈ! ಮರಾಠಿಯ ಅಕ್ಕ. ಈ ಗಡಿಯಲ್ಲೇ ಹುಟ್ಟಿ ಬೆಳೆದ ನನ್ನ ಕಿವಿಗೆ ಅದು ತಾಕಲಿಲ್ಲ. ನರೆತ ತಲೆ ನೋಡಿ, ಹಡೆದ ತಾಯಿ ಅಂದುಕೊಂಡುಬಿಟ್ಟಿದ್ದೆ. ಪತ್ರ ಬಿಚ್ಚಿದ್ದರೆ ಮರಾಠಿ ಅಕ್ಷರವಾದರೂ ಕಾಣುತ್ತಿತ್ತು. ಆಗಲೇ, ಆ ಕ್ಷಣದಲ್ಲೇ ಕಾಲು ಹಿಡಿದು ಹೇಳಬಹುದಿತ್ತು. ಆದರೆ ಅವರು ಅಳುತ್ತ ನಗುತ್ತಿದ್ದರು.

ಅವರು ಮದುವೆಯಾದವರಲ್ಲ. ಅಂದಿನಿಂದ ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ “ಒಬ್ಬಾಂವ” ಎನ್ನತೊಡಗಿದರು. ಬೇರೆ ಗಾಡಿಗಳ ಬಾಗಿಲು ತೆಗೆದು ನೋಡುವುದನ್ನು ಬಿಟ್ಟರು. ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಬಸ್ ಬದಲಿಸಿ ನನ್ನ ಶೆಡ್ಡಿಗೆ ಬರುತ್ತಾರೆ. ಬಾಗಿಲಿನ ಅಕ್ಷರ ಮುಟ್ಟಿ, ಸುತ್ತು ಹಾಕಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂಡುತ್ತಾರೆ. “ಚಾಲೂ ಮಾಡ್ರಿ,” ಎನ್ನುತ್ತಾರೆ. ಎಂಜಿನ್ ಚಾಲೂ ಮಾಡಿ, ಡ್ರೈವರ್ ಬದಿಯ ಬಾಗಿಲು ಹಾಕಿ, ನಾನು ದೂರ ನಿಲ್ಲುತ್ತೇನೆ. ಸ್ವಲ್ಪ ಹೊತ್ತಿಗೆ ಆ ಬಾಗಿಲು ಟಕ್ ಎಂದು ತೆರೆದುಕೊಳ್ಳುತ್ತದೆ.

ಲಾಕ್ ಎರಡು ಸಲ ಬದಲಿಸಿದೆ. ಬಿಜಾಗರಿ ಬಿಚ್ಚಿ ಮತ್ತೆ ಕೂರಿಸಿದೆ. ಗಾಡಿ ಓಡುವಾಗ ಅದು ತೆರೆಯುವುದಿಲ್ಲ, ನಾನೊಬ್ಬನೇ ಇದ್ದಾಗಲೂ ತೆರೆಯುವುದಿಲ್ಲ. ಕೇಳಿದವರಿಗೆ ಎಂಜಿನ್ ನಡುಕ ಎಂದು ಹೇಳುತ್ತೇನೆ. ಮುಚ್ಚಲು ಹೋದರೆ ಅಂಜನಾಬಾಯಿ ಕೈಯೆತ್ತಿ ತಡೆಯುತ್ತಾರೆ.

“ಇರ್ಲಿ ಬಿಡ್ರಿ. ಇಳದ ಹೋಗ್ಯಾನ, ಬರ್ತಾನ.”

ಮೂರನೇ ಮಳೆಗಾಲಕ್ಕೆ ನನ್ನ ‘ತಾಯಿ’ಯ ನೆತ್ತಿಯ ಮೇಲೆ ಒಂದು ಅಡ್ಡಗೆರೆ ಮೂಡಿತು. ಪುಟ್ಟಿ ಬಿರಿದಿದೆ ಅಂದುಕೊಂಡೆ. ಮುಂದಿನ ಮಳೆಗೆ ಆ ಗೆರೆಯಿಂದ ಕೆಳಕ್ಕೆ ಒಂದು ಉದ್ದಗೆರೆ ಇಳಿಯಿತು. ಆಮೇಲೆ ಒಂದು ಕೊಕ್ಕೆ… ತುಕ್ಕು ಹೇಗೆ ಹಬ್ಬುತ್ತದೆಂದು ನಾನು ಹುಟ್ಟಾ ನೋಡಿದವನು. ಇದು ಹಬ್ಬುತ್ತಿರಲಿಲ್ಲ. ನಿಧಾನಕ್ಕೆ, ವರ್ಷಕ್ಕೊಂದು ಗೆರೆಯಂತೆ, ಬರೆಯುತ್ತಿತ್ತು. ಕೆರೆದು ಹಾಕೋಣವೆಂದು ಪಾಲಿಶ್ ಕಾಗದ ಹಿಡಿದು ಎರಡು ಸಲ ಕೂತೆ, ಎರಡೂ ಸಲ ಕೈ ಏಳಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನಿ.

ಹೋದ ಅಮಾವಾಸ್ಯೆಯಂದು ಅಂಜನಾಬಾಯಿಯ ಬೆರಳು ಅಲ್ಲಿ ನಿಂತಿತು. ಈಗ ಅವರ ಕಣ್ಣು ಮಂಜಾಗಿದೆ, ಬೆರಳೇ ಕಣ್ಣು; ಅಷ್ಟು ದಿನ ಬರೀ ಕಲೆಯಾಗಿದ್ದ ಗೆರೆ ಈಗ ಉಬ್ಬಿ ಬೆರಳಿಗೆ ತಾಕುವಂತಾಗಿತ್ತು.

“ಮಿಸ್ತ್ರಿ, ಈ ಗೆರಿ ಮೊದಲ ಇರಲಿಲ್ಲಲ್ರಿ?”

“ತುಕ್ಕರಿ,” ಎಂದೆ. ಅವರಿಗೆ ಹೇಳಿದ ಎರಡನೆಯ ಸುಳ್ಳು — ಅದು ಎಷ್ಟು ದೊಡ್ಡ ಸುಳ್ಳೆಂದು ಅಂದು ನನಗೇ ಗೊತ್ತಿರಲಿಲ್ಲ.

ಗೊತ್ತಾದದ್ದು ಕಳೆದ ವಾರ. ನನ್ನ ಹೆಂಡತಿ ಜೈಬುನ್ ಶೆಡ್ಡಿಗೆ ಚಹಾ ತಂದಳು. ಅವಳು ಮಿರಜ ಕಡೆಯವಳು, ಮರಾಠಿ ಶಾಲೆ ಕಲಿತವಳು. ನನಗೆ ಮರಾಠಿ ಮಾತು ಬರುತ್ತದೆ, ಓದಲು ಬರುವುದಿಲ್ಲ. ಬಾಗಿಲು ನೋಡಿ, ಇದನ್ನು ಯಾರು ಬರೆದದ್ದೆಂದು ಅವಳು ಸಹಜವಾಗಿ ಕೇಳಿದಳು: “ಯೇ ‘ತಾಈ’ ಕೋನ್ ಲಿಖ್ಯಾ ಜೀ?”

ಅವಳು ನನ್ನ ಕನ್ನಡದ ‘ತಾಯಿ’ಯನ್ನು ಓದಿರಲಿಲ್ಲ. ಬೆರಳಿಟ್ಟು ತೋರಿಸಿದಳು — ಆ ಅಡ್ಡಗೆರೆ ಮರಾಠಿ ಅಕ್ಷರಗಳ ತಲೆಗೆರೆ. ಅದಕ್ಕೆ ಜೋತುಬಿದ್ದು ಎರಡು ಅಕ್ಷರ. ತಾ. ಈ. ಯಾ ಅಲ್ಲಾ, ನಾನು ನೋಡದೆ ಮುಚ್ಚಿ ಸುಳ್ಳು ಬರೆದದ್ದು ಇದರ ಮೇಲೆಯೇ?

ಅದು ಸುನೀಲನೇ ಬರೆದದ್ದು ಎಂದು ಆಣೆ ಮಾಡಲಾರೆ. ಅಕ್ಕನ ನೆನಪಾಗಿ ಯಾವ ಮರಾಠಿ ಹುಡುಗನೂ ಗೀಚಿರಬಹುದು. ಅಂದೇ ಪತ್ರದ ಪಕ್ಕ ಹಿಡಿದು ನೋಡಿದ್ದರೆ ಕೈಬರಹವೇ ಹೇಳುತ್ತಿತ್ತು. ಈಗ ಗೆರೆಗಳು ಬೆರಳಷ್ಟು ದಪ್ಪವಾಗಿವೆ. ತುಕ್ಕಿಗೆ ಕೈಬರಹವಿಲ್ಲ. ಅಂಜನಾಬಾಯಿ ಊರೂರು ತಿರುಗಿ ಹುಡುಕಿದ್ದು ಅದೊಂದನ್ನೇ, ಅದನ್ನೇ ನಾನು ಇಲ್ಲವಾಗಿಸಿದೆ.

ನಾಳೆ ಅಮಾವಾಸ್ಯೆ. ಅವರ ಬೆರಳನ್ನು ಆ ತಲೆಗೆರೆಯ ಮೇಲೆ ಇಡಿಸುತ್ತೇನೆ, ಒಂದೊಂದೇ ಅಕ್ಷರ ಓದಿಸುತ್ತೇನೆ. ಅಲ್ಲಿಯವರೆಗೆ ಸುಲಭ. ಆಮೇಲೆ, ಒಂಬತ್ತು ವರ್ಷ ತಾಯಿಯಾಗಿ ಬದುಕಿದವರಿಂದ ಆ ಮಾತನ್ನು ಕಿತ್ತುಕೊಳ್ಳಬೇಕು. ಅವರು ಉಗುಳಿದರೆ ಒರೆಸಿಕೊಳ್ಳುವುದಿಲ್ಲ.

ಬೆಳಗಿನಿಂದ ಹೇಳಿ ಹೇಳಿ ನೋಡುತ್ತಿದ್ದೇನೆ, ನಾಲಿಗೆ ಹೊರಳುವುದಿಲ್ಲ. ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೇನೆ. ಎಂಜಿನ್ ಬಂದ್ ಇದೆ. ಈಗಷ್ಟೇ ಮೊದಲ ಸಲ ಪೂರ್ತಿ ಹೇಳಿದೆ, ಜೋರಾಗಿಯೇ ಹೇಳಿದೆ:

“ಅಕ್ಕಾರ, ಅಂವ ನಿಮಗ ತಾಯಿ ಅಂತ ಬರದಿಲ್ರಿ. ಬರದಾಂವ ನಾ.”

ಬಾಗಿಲು ಟಕ್ ಎಂದಿತು. ಎದ್ದು ಹೋಗಿ ಮುಚ್ಚಲಿಲ್ಲ. ನಾಳೆಯವರೆಗೆ ತೆರೆದೇ ಇರಲಿ.