ಜ್ವರದ ಗುಂಡಿ

ಒಟ್ಟು ಬಿದ್ದದ್ದು ಒಂಬೈನೂರ ನಲವತ್ತು ರೂಪಾಯಿ. ಮೈಕ್ರೋಕಂಟ್ರೋಲರ್ ಬೋರ್ಡಿಗೆ ಮುನ್ನೂರು, ತೇವ ಮತ್ತು ಶಾಖ ಅಳೆಯುವ ಸೆನ್ಸರಿಗೆ ಇನ್ನೂರ ಇಪ್ಪತ್ತು, ಪಂಪನ್ನು ತಾನಾಗಿ ಹಚ್ಚಿ ಆರಿಸುವ ರಿಲೇ ಪಟ್ಟಿಗೆ ನೂರು, ಕಂಪ್ಯೂಟರಿನಿಂದ ಪ್ರೋಗ್ರಾಂ ತುಂಬುವ ಕೇಬಲ್ಲಿಗೆ ಎಂಬತ್ತು. ಮಿಕ್ಕದ್ದು ಅಡಾಪ್ಟರು, ಪೆಟ್ಟಿಗೆ, ವೈರಿಗೆ ಹೋಯಿತು. ಬೋರ್ಡು ಅಸಲಿಯಲ್ಲ, ನಕಲು. ಬೇಕೆಂದೇ ನಕಲು ಕೊಂಡೆ. ಕಾರ್ಖಾನೆಗಳಲ್ಲಿ ಕೂರಿಸುವ ಕಂಟ್ರೋಲರಿಗೆ ಹತ್ತಾರು ಸಾವಿರ ಸುರಿಯಬೇಕು. ಕಲಿಯುವವನು ಒಂದೆರಡನ್ನಾದರೂ ಸುಟ್ಟೇ ಸುಡುತ್ತಾನೆ. ಸುಟ್ಟರೂ ಹೊಟ್ಟೆ ಉರಿಯದ ಬೆಲೆಯದ್ದರಲ್ಲಿ ಕಲಿಯಬೇಕು ಎನ್ನುವುದು ನನ್ನ ಲೆಕ್ಕಾಚಾರವಾಗಿತ್ತು. ಅದು ಈಗಲೂ ತಪ್ಪಲ್ಲ. ತಪ್ಪಿದ್ದು ಬೇರೆ ಕಡೆ.

ನಾನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರಿಗೆ ಮೋಟಾರು, ಪ್ಯಾನೆಲ್ ಬೋರ್ಡು ಜೋಡಿಸಿಕೊಡುವವನು. ಓದಿದ್ದು ಹತ್ತನೇ ಕ್ಲಾಸು. ಮೋಟಾರು ಸುತ್ತುವುದನ್ನು ಬೈಸಿಕೊಂಡು ಕಲಿತೆ, ಚೌಕಾಸಿಯನ್ನು ಯಾರೂ ಕಲಿಸದೆ ಕಲಿತೆ. ನಲವತ್ತು ದಾಟಿದ ಮೇಲೆ ಈ ಪುಟ್ಟ ಬೋರ್ಡುಗಳ ಹುಚ್ಚು ಹಿಡಿಯಿತು. ಫೋನಿನಲ್ಲಿ ವಿಡಿಯೋ ನೋಡಿ ದೀಪ ಮಿಣುಕಿಸಿದೆ, ಆಮೇಲೆ ಮೋಟಾರು ತಿರುಗಿಸಿದೆ. ನಿಜವಾದ ಕೆಲಸವೊಂದು ಸಿಗಲಿ ಎಂದು ಕಾಯುತ್ತಿದ್ದಾಗ ಅಕ್ಕೂರಿನಿಂದ ಅಕ್ಕ ಫೋನು ಮಾಡಿದಳು.

ಅಕ್ಕ ಒಂಬತ್ತು ವರ್ಷ ಗಾರ್ಮೆಂಟ್ಸ್ ಬಸ್ಸು ಹತ್ತಿದವಳು. ಬೆಳಕು ಹರಿಯುವ ಮೊದಲೇ ಹೊರಟು, ದೀಪ ಹಚ್ಚಿದ ಮೇಲೆ ಮನೆ ಸೇರುವ ಬದುಕು. ಅದನ್ನು ಬಿಟ್ಟು, ಮನೆಯ ಹಿಂದೆ ಶೀಟು ಹೊದಿಸಿ ರೇಷ್ಮೆ ಹುಳ ಸಾಕಲು ಕೂತಿದ್ದಳು. ಒಂದು ವರ್ಷ ನೋಡುವುದು, ಕೈ ಹಿಡಿಯದಿದ್ದರೆ ಮತ್ತೆ ಬಸ್ಸು ಹತ್ತುವುದು ಎಂದು ಭಾವನೊಂದಿಗೆ ಮಾತಾಗಿತ್ತು. ಎರಡು ಬೆಳೆ ಸುಮಾರಾಗಿ ಬಂದಿದ್ದವು. ಮೂರನೆಯದು ಬೇಸಿಗೆಯದು. ಒಣಗಾಳಿಗೆ ಸೊಪ್ಪು ಬಾಡುತ್ತಿತ್ತು, ಗೋಣಿತಾಟು ನೆನೆಸಿ ನೆನೆಸಿ ಅವಳ ಸೊಂಟ ಬಿದ್ದಿತ್ತು. ತೇವ ಕಡಿಮೆಯಾದಾಗ ತಾನಾಗಿಯೇ ಮಂಜು ಚಿಮ್ಮುವಂತೆ ಏನಾದರೂ ಮಾಡಿಕೊಡು ಎಂದು ಕೇಳಿದಳು. ನಾನು ಕುಣಿದುಕೊಂಡು ಒಪ್ಪಿದೆ.

ಬೆಂಗಳೂರಿನ ಅಂಗಡಿಯಲ್ಲಿ ಸಾಮಾನು ಕಟ್ಟಿಸುವಾಗ ಅಂಗಡಿಯವನು ಕೊನೆಯಲ್ಲಿ ಗಡಿಯಾರದ ಚಿಪ್ಪಿರುವ ಒಂದು ಚೂರು ತೋರಿಸಿದ. ಗುಂಡಿ ಸೆಲ್ ಸಮೇತ ನೂರ ಇಪ್ಪತ್ತು. ಕರೆಂಟು ಹೋದರೂ ದಿನ, ಗಂಟೆ ಮರೆಯುವುದಿಲ್ಲ ಎಂದ. ನನಗೊಂದು ನಿಯಮವಿತ್ತು: ಅಂಗಡಿಯವನು ಕೊನೆಗೆ ತೋರಿಸುವುದು ಅವನಿಗೆ ಬೇಕಾದದ್ದು, ನಮಗಲ್ಲ. ಬೇಡವೆಂದು ಎದ್ದುಬಂದೆ. ನೂರ ಇಪ್ಪತ್ತು ಉಳಿಸಿದೆನೆಂದು ಬಸ್ಸಿನಲ್ಲಿ ಒಳಗೊಳಗೇ ಹಿಗ್ಗಿದ್ದೂ ನೆನಪಿದೆ.

ಇಲ್ಲಿ ಹುಳದ ವಿಷಯ ಒಸಿ ಹೇಳಬೇಕು. ಬೆಳೆಯುವ ಹುಳ ನಡುನಡುವೆ ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಎರಡು ಜ್ವರ ಕಳೆದ ಮರಿಗಳನ್ನು ತಂದು, ಇನ್ನೆರಡು ಜ್ವರ ಮನೆಯಲ್ಲಿ ನೋಡಿಕೊಳ್ಳಬೇಕು. ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ, ಹಾಸಿಗೆ ಒಣಗಿರಬೇಕು, ಅದಕ್ಕೆಂದೇ ಸುಣ್ಣದ ಪುಡಿ ಉದುರಿಸುತ್ತಾರೆ. ಆಗ ಮಂಜು ಚಿಮ್ಮಿದರೆ ಕೆಟ್ಟಿತು.

ಪೆಟ್ಟಿಗೆ ಕೂರಿಸಿದ ದಿನ ಅಕ್ಕ ಅದನ್ನೇ ಕೇಳಿದಳು. "ಜ್ವರಕ್ಕೆ ಕುಂತಾಗ ಇದು ಸುಮ್ಕಿರಬೇಕಲ್ಲ, ಅದ್ಕೊಂದು ಗುಂಡಿ ಮಡುಗ್ಲಾ. ನಾನೇ ಅಮುಕ್ಕೋತೀನಿ."

ಗುಂಡಿಗೆ ಮೂವತ್ತು ರೂಪಾಯಿ. ದುಡ್ಡಿಗಿಂತ ನನ್ನನ್ನು ತಡೆದದ್ದು ಜಂಬ. ಮನುಷ್ಯರು ಗುಂಡಿ ಒತ್ತಬೇಕಾದರೆ ನಾನು ಪ್ರೋಗ್ರಾಂ ಬರೆದದ್ದೇಕೆ? ಮರಿ ತಂದ ದಿನದಿಂದ ಪೆಟ್ಟಿಗೆಯೇ ದಿನ ಎಣಿಸುತ್ತದೆ, ಜ್ವರದ ದಿನಗಳಲ್ಲಿ ತಾನೇ ತೆಪ್ಪಗಿರುತ್ತದೆ ಎಂದು ಅವಳಿಗೆ ತಿಳಿಸಿಹೇಳಿದೆ.

"ಹುಳ ಕ್ಯಾಲೆಂಡರ್ ನೋಡ್ಕಂಡು ಮಲಗಾಕಿಲ್ಲ ಕಣ್ಲಾ," ಎಂದಳು. ನಾನು ನಕ್ಕೆ. ಅವಳೂ ನಕ್ಕಳು, ತಮ್ಮನಲ್ಲವೇ ಎಂದು.

ಮೂರನೇ ಜ್ವರದಲ್ಲಿ ಪೆಟ್ಟಿಗೆ ಹೇಳಿದಂತೆ ಕೇಳಿತು. ಹುಳ ಒಟ್ಟಿಗೇ ಎದ್ದವು. ಅಕ್ಕ ಬೀದಿಯವರನ್ನೆಲ್ಲ ಕರೆದು ತೋರಿಸಿದಳು. ನಾಲ್ಕನೆಯದು ಬಂದಾಗ ಕನಕಪುರದಲ್ಲಿ ಅವಳ ನಾದಿನಿಯ ಮಗುವಿಗೆ ನಾಮಕರಣ. ಸೊಪ್ಪು ಹಾಕುವ ಕೆಲಸವಿಲ್ಲದ್ದರಿಂದ ಹುಳ ಸಾಕುವವರು ನೆಂಟರ ಮನೆ ನೋಡುವುದೇ ಜ್ವರದ ದಿನಗಳಲ್ಲಿ. ಆದರೂ ಹೊರಡುವ ಮೊದಲು ಅಕ್ಕ ಫೋನು ಮಾಡಿ ಕೇಳಿದಳು.

"ಹೋಗ್ಬುಟ್ಟು ಬಾರಕ್ಕ, ಪೆಟ್ಟಿಗೆ ನೋಡ್ಕತ್ತದೆ," ಎಂದೆ. ಈ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಹಾಗಿದ್ದರೆ ಯಾವ ಬೆಲೆಗೂ ಚೌಕಾಸಿ ಮಾಡುತ್ತಿರಲಿಲ್ಲ.

ಪೆಟ್ಟಿಗೆ ಕೂರಿಸಿದಾಗಿನಿಂದ ಹೇಗೋ ಹೋಗದಿದ್ದ ಕರೆಂಟು ಆವತ್ತು ಬೆಳಗ್ಗೆ ಅಕ್ಕೂರಿನಲ್ಲಿ ಹೋಯಿತು. ಮಧ್ಯಾಹ್ನ ಬಂತು. ಗಡಿಯಾರವಿಲ್ಲದ ಬೋರ್ಡಿಗೆ ಕರೆಂಟು ಬಂದದ್ದೆಂದರೆ ಹೊಸದಾಗಿ ಹುಟ್ಟಿದ ಹಾಗೆ. ಅದು ಮತ್ತೆ ಒಂದನೇ ದಿನದಿಂದ ಎಣಿಸತೊಡಗಿತು. ಒಂದನೇ ದಿನವೆಂದರೆ ಜ್ವರವಿಲ್ಲ, ಗಾಳಿ ಒಣಗಿದೆ, ಹಾಗಾದರೆ ಚಿಮ್ಮು. ಮಾರನೆಯ ದಿನ ಅಕ್ಕ ಬಾಗಿಲು ತೆಗೆಯುವವರೆಗೂ ಚಿಮ್ಮುತ್ತಲೇ ಇತ್ತು. ನಾನು ಹೋಗಿ ನೋಡಿದಾಗ ತಟ್ಟೆಗಳ ಮೇಲಿನ ಸುಣ್ಣ ಗಂಜಿಯಾಗಿತ್ತು. ಒಂದಷ್ಟು ಹುಳ ಎದ್ದು ಸೊಪ್ಪಿಗೆ ತಲೆಯಾಡಿಸುತ್ತಿದ್ದವು, ಒಂದಷ್ಟು ಪೊರೆಯಲ್ಲೇ ಸಿಕ್ಕಿಕೊಂಡಿದ್ದವು. ಎದ್ದವಕ್ಕೆ ಹಾಕಿದ ಸೊಪ್ಪು ಏಳದವುಗಳ ಮೇಲೆ ಕೊಳೆಯಿತು. ವಾರದೊಳಗೆ ಸುಣ್ಣಕಟ್ಟು ರೋಗ ಬಂದು, ಹುಳಗಳು ಬೆಳ್ಳಗೆ ಬಳಪದ ಚೂರಿನಂತೆ ಗಟ್ಟಿಯಾದವು. ಅಕ್ಕ ಅವನ್ನು ಮೊರದಲ್ಲಿ ಎತ್ತಿ ಗುಂಡಿ ತೋಡಿ ಮುಚ್ಚಿದಳು. ನನ್ನನ್ನು ಬೈಯಲಿಲ್ಲ. ಕಾಫಿ ಕೊಟ್ಟಳು.

ಈ ತಪ್ಪು ನನಗೆ ಮೊದಲೇ ಏಕೆ ಕಾಣಲಿಲ್ಲ? ನನ್ನ ಅಂಗಡಿಯ ಮೇಜಿಗೆ ಯುಪಿಎಸ್ ಇದೆ. ಎರಡು ವಾರ ಪರೀಕ್ಷೆ ಮಾಡಿದೆ, ಒಂದು ಸಲವೂ ಕರೆಂಟು ಹೋಗಲಿಲ್ಲ. ಅಕ್ಕೂರಿನಲ್ಲಿ ಕೂರಬೇಕಾದ ಪೆಟ್ಟಿಗೆಯನ್ನು ಅಕ್ಕೂರಿನ ಕರೆಂಟೇ ಇಲ್ಲದ ಕಡೆ ಪರೀಕ್ಷಿಸಿದ ಜಾಣ ನಾನು.

ಆ ತಿಂಗಳ ಕೊನೆಗೆ ಅಕ್ಕ ಮತ್ತೆ ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ಒಂದು ಭಾನುವಾರ ಪೆಟ್ಟಿಗೆಗೆ ಗಡಿಯಾರ ಸೇರಿಸಿ, ಹೊರಗಡೆ ದೊಡ್ಡದೊಂದು ಕೆಂಪು ಗುಂಡಿ ಕೂರಿಸಿ ತೆಗೆದುಕೊಂಡು ಹೋದೆ. ಅವಳು ಹೆಬ್ಬೆರಳಿನಿಂದ ಒಂದು ಸಲ ಅಮುಕಿ ನೋಡಿದಳು.

"ಗುಂಡಿ ಚೆನ್ನಾಗೈತೆ ಕಣ್ಲಾ. ಅಮುಕಾನ ಅಂದ್ರೆ ಹುಳ ಎಲ್ಲಿ ಅವೆ?"

ಹುಳದ ಮನೆಯಲ್ಲಿ ಆಗಲೇ ತೆಂಗಿನಕಾಯಿ ರಾಶಿ ಬಿದ್ದಿತ್ತು.

ಕಲಿಯಬೇಕು ಎನ್ನುವವರಿಗೆ ಈಗಲೂ ಹೇಳುತ್ತೇನೆ, ಅಗ್ಗದ ಬೋರ್ಡನ್ನೇ ಕೊಳ್ಳಿ, ಒಂದಲ್ಲ, ಎರಡು ಕೊಳ್ಳಿ. ಬೋರ್ಡಿನ ಬೆಲೆಗೆ ಎಷ್ಟು ಬೇಕಾದರೂ ಜಗ್ಗಾಡಿ. ಸೆಲ್ ಇರುವ ಗಡಿಯಾರಕ್ಕೆ ಮಾತ್ರ ಜಗ್ಗಾಡಬೇಡಿ. ಮಾಡಿದ್ದನ್ನು ಅದು ಕೂರುವ ಜಾಗಕ್ಕೇ ಒಯ್ದು, ಓಡುತ್ತಿರುವಾಗಲೇ ಪ್ಲಗ್ಗು ಕಿತ್ತು ಮತ್ತೆ ಸಿಕ್ಕಿಸಿ ನೋಡಿ; ಹತ್ತು ಸಲ ಕಿತ್ತರೂ ಎಣಿಕೆ ತಪ್ಪದಿದ್ದರೆ ಬಿಟ್ಟು ಬನ್ನಿ. ಇನ್ನು, ದಿನವೂ ಆ ಕೆಲಸ ಮಾಡುವವರು ಗುಂಡಿ ಬೇಕು ಎಂದರೆ ಏಕೆ ಎಂದು ವಾದಿಸಬೇಡಿ. ಅವರ ಕೈಗೆ ಎಟುಕುವ ಎತ್ತರ ಎಷ್ಟೆಂದು ಕೇಳಿ, ಅಲ್ಲಿಗೇ ತೂತು ಕೊರೆಯಿರಿ.