ದೂರ ತಿನ್ನುವ ಲೆನ್ಸು

ಫೋನಿನಲ್ಲಿ ಝೂಮ್ ಮಾಡಿ ತೆಗೆದ ಖಣಿ ಖಣಿಯಂತೆ ಕಾಣುತ್ತಿರಲಿಲ್ಲ, ತಟ್ಟೆಯಲ್ಲಿ ಚೆಲ್ಲಿದ ಅಂಬಲಿಯಂತೆ ಕಾಣುತ್ತಿತ್ತು. ಕಮಲಾಪುರದಿಂದ ಸಣ್ಣವ್ವ ಕಳಿಸಿದ ಆ ಫೋಟೋಗಳನ್ನು ನೋಡಿದಾಗಲೇ ಹೇಳಿದ್ದೆ, ಇದನ್ನು ಯಾವ ಸಾಹೇಬರ ಮುಂದೆ ಹಿಡಿದರೂ ಎದುರು ಪಕ್ಷದವರಿಗೆ ತಳ್ಳಿಹಾಕಲು ಅರ್ಧ ನಿಮಿಷದ ಕೆಲಸ ಎಂದು.

ಸಣ್ಣವ್ವ ಎಂದರೆ ಅವ್ವನ ತಂಗಿ. ಅವಳ ಮನೆ ಊರ ಹೊರಗಿನ ಕೊನೆಯ ಸಾಲಿನಲ್ಲಿದೆ. ಹಿಂದೆ ಒಂದು ತೊಗರಿ ಹೊಲ, ಹೊಲದ ಆಚೆ ಏರು, ಏರಿನ ಮೇಲೆ ಕಲ್ಲಿನ ಖಣಿ ಮತ್ತು ಕಲ್ಲು ಒಡೆದು ಜಲ್ಲಿ ಮಾಡುವ ಖಡಿ ಮಷೀನು. ಮಧ್ಯಾಹ್ನ ಸೀಟಿ ಊದುತ್ತಾರೆ, ಕೆಂಪು ಬಟ್ಟೆ ಬೀಸುತ್ತಾರೆ, ಆಮೇಲೆ ಸಿಡಿಸುತ್ತಾರೆ. ಹೋದ ಚಳಿಗಾಲದಲ್ಲಿ ಹಾಗೆ ಸಿಡಿದ ಒಂದು ಕಲ್ಲು ಅಡುಗೆಮನೆಯ ತಗಡು ಹರಿದುಕೊಂಡು ಒಳಗೆ ಬಂತು. ಅಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಸಣ್ಣವ್ವನ ಅತ್ತೆಯ ತೊಡೆಯ ಮೇಲೆ ಬಿತ್ತು. ಮುದುಕಿ ಮತ್ತೆ ಏಳಲಿಲ್ಲ. ಮಲಗಿದಲ್ಲೇ ಬೆನ್ನು ಹುಣ್ಣಾಗಿ ಹೋದಳು. ಖಣಿಯವರು ಮಣ್ಣಿಗೆ ಬಂದರು, ಹಾರ ಹಾಕಿದರು, ವಯಸ್ಸಾಗಿತ್ತಲ್ರಿ ಎಂದು ಹೇಳಿ ಹೋದರು.

ವಯಸ್ಸಾಗಿತ್ತು ಎನ್ನುವುದು ಒಂದು ವಾದ. ತೊಡೆಯ ಮೇಲೆ ಕಲ್ಲು ಬೀಳದ ಮುದುಕಿಯರು ಅದೇ ಸಾಲಿನಲ್ಲಿ ಇನ್ನೂ ಜೋಳ ಹಸನು ಮಾಡುತ್ತ ಕೂತಿದ್ದಾರಲ್ಲ ಎನ್ನುವುದು ನನ್ನ ವಾದ. ಆದರೆ ಚರ್ಚಾಸ್ಪರ್ಧೆಗಳಿಗೆ ಊರೂರು ತಿರುಗಿ ನಾನು ಕಲಿತದ್ದೆಂದರೆ, ಸರಿ ಇರುವುದು ಬೇರೆ, ಗೆಲ್ಲುವುದು ಬೇರೆ. ಎಷ್ಟೋ ವೇದಿಕೆಗಳ ಮೇಲೆ ನನಗೇ ನಂಬಿಕೆಯಿಲ್ಲದ ಪಕ್ಷ ಹಿಡಿದು ಕಪ್ ಗೆದ್ದು ತಂದಿದ್ದೇನೆ. ಹಾಗಾಗಿ ನಮ್ಮ ಪಕ್ಷ ಸತ್ಯದ್ದು ಎಂಬುದರಿಂದ ನನಗೆ ಯಾವ ಸಮಾಧಾನವೂ ಇರಲಿಲ್ಲ.

ಈ ಸಲ ಅವಸರ ಬೇರೆ ಇತ್ತು. ಸಣ್ಣವ್ವನ ಮಗಳು ತುಂಬಿದ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗದಿದ್ದರೆ ತಾಯಿ ಇದ್ದೂ ಇಲ್ಲದಂತೆ. ಆದರೆ ಹುಮನಾಬಾದಿನ ಬೀಗರು, ಕಲ್ಲು ಬೀಳುವ ಮನೆಗೆ ಸೊಸೆಯನ್ನು ಹೇಗೆ ಕಳಿಸುವುದು, ಒಮ್ಮೆ ಬಂದು ಮನೆ ನೋಡುತ್ತೇವೆ ಎಂದಿದ್ದರು. ಅದರ ಮುಂದಿನ ವಾರ, ಸಣ್ಣವ್ವ ಕೊಟ್ಟ ಅರ್ಜಿಯ ಮೇಲೆ, ಖಣಿಗೂ ಮನೆಗಳಿಗೂ ನಡುವಿನ ದೂರ ಪರೀಕ್ಷಿಸಲು ಸರಕಾರದ ಒಬ್ಬ ಸಾಹೇಬರು ಬರುವವರಿದ್ದರು. ಸಣ್ಣವ್ವನಿಗೆ ಖಣಿ ನಿಲ್ಲಬೇಕಿತ್ತು, ಮಗಳು ಬರಬೇಕಿತ್ತು. ಖಣಿಯ ಹತ್ತಿರ ಕಾವಲಿನವರು ಯಾರನ್ನೂ ಬಿಡುತ್ತಿರಲಿಲ್ಲ. ದೂರದಿಂದಲೇ ಸ್ಪಷ್ಟವಾಗಿ ತೆಗೆಯುವ ಕ್ಯಾಮೆರಾ ಬೇಕು ಎಂದು ಅವಳು ನನ್ನ ಬೆನ್ನು ಹತ್ತಿದಳು.

ಕಲಬುರಗಿಯಲ್ಲಿ ನಮ್ಮ ಮನೆಗೆ ಹತ್ತಿರದ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಪರಿಚಯದ ಚಾಚಾ ಒಬ್ಬರ ಫೋಟೋ ಅಂಗಡಿ ಇದೆ. ಹಳೆಯದೊಂದು ಸಣ್ಣ ಕ್ಯಾಮೆರಾ ತೆಗೆದು ಗಾಜಿನ ಮೇಲೆ ಇಟ್ಟರು. ಮುಷ್ಟಿಯಲ್ಲಿ ಹಿಡಿಸುವ ಡಬ್ಬಿ. ಗುಂಡಿ ಒತ್ತಿದರೆ ಲೆನ್ಸು ಆಮೆಯ ಕತ್ತಿನಂತೆ ಹೊರಬರುತ್ತದೆ, ಬರುತ್ತಲೇ ಇರುತ್ತದೆ. ಮೂವತ್ತು ಪಟ್ಟು ಎಳೆಯುತ್ತದಂತೆ.

“ಇದರಾಗ ಚಂದ್ರನ ಮ್ಯಾಲಿನ ಕುಣಿ ಸುದ್ದಾ ಕಾಣ್ತಾವ ಬೇಟಾ,” ಎಂದರು.

“ಚಂದ್ರ ನಮಗೇನೂ ತಕರಾರು ಮಾಡಿಲ್ಲ ಚಾಚಾ. ನನಗ ಲಾರಿ ನಂಬರ್ ಕಾಣಬೇಕು.”

ಅವರು ನಕ್ಕು, ಹಾಗಾದರೆ ಒಯ್ದು ಪರೀಕ್ಷೆ ಮಾಡು, ಸರಿ ಅನಿಸಿದರೆ ಇಟ್ಟುಕೋ ಎಂದರು.

ಪರೀಕ್ಷೆ ಮಾಡುವುದಕ್ಕೆ ನನಗೆ ಯಾರೂ ಹೇಳಬೇಕಿಲ್ಲ. ಬ್ರಹ್ಮಪುರದ ನಮ್ಮ ಮಾಳಿಗೆಯ ಮೇಲೆ ನಿಂತು ಎರಡು ಓಣಿ ಆಚೆಯ ನೀರಿನ ಟಾಕಿಯ ಮೇಲಿನ ಅಕ್ಷರ ಓದಿದೆ. ಕಾಗೆಯ ಕಣ್ಣು ತೆಗೆದೆ. ಪೂರ್ತಿ ಎಳೆದಾಗ ಎದೆಬಡಿತಕ್ಕೂ ಚಿತ್ರ ನಡುಗುತ್ತದೆ. ಕಟ್ಟೆಯ ಮೇಲೆ ಟವಲ್ ಮಡಚಿಟ್ಟು, ಅದರ ಮೇಲೆ ಕ್ಯಾಮೆರಾ ಊರಿ, ಟೈಮರ್ ಹಚ್ಚಿ ಕೈ ತೆಗೆದರೆ ನಿಲ್ಲುತ್ತದೆ. ಹಿಂದಿನ ಪರದೆ ಬಿಸಿಲಿನಲ್ಲಿ ಕಾಣುವುದೇ ಇಲ್ಲ, ಸೆರಗು ಮುಚ್ಚಿಕೊಂಡು ನೋಡಬೇಕು. ಸಂಜೆಯಾದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ. ಮಧ್ಯಾಹ್ನ ಇನ್ನೂ ಕಷ್ಟ. ಕಾದ ಮಾಳಿಗೆಗಳ ಮೇಲಿನ ಗಾಳಿಯೇ ಕುದಿಯುವಾಗ ಲೆನ್ಸು ಊರನ್ನು ಹತ್ತಿರ ತರುವುದಿಲ್ಲ, ಬಿಸಿಲ್ಗುದುರೆಯನ್ನು ಹತ್ತಿರ ತರುತ್ತದೆ. ಖಣಿಯವರು ಸಿಡಿಸುವುದು ಅದೇ ಹೊತ್ತಿಗೆ.

ಆದರೆ ಇದರ ನಿಜವಾದ ದೋಷ ತಿಳಿದದ್ದು ಕೋಟೆಯ ಬುರುಜಿನ ಮೇಲೆ. ಅಲ್ಲಿಂದ ಎಳೆದು ತೆಗೆದ ಚಿತ್ರದಲ್ಲಿ ಮಸೀದಿಯ ಗುಮ್ಮಟಗಳು, ಅವುಗಳಿಂದ ಎಷ್ಟೋ ದೂರದ ಮನೆಗಳು, ಅದಕ್ಕೂ ಆಚೆಯ ಮೊಬೈಲ್ ಟವರು ಎಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಡುವಿನ ರಸ್ತೆ, ಬಯಲು ಎಲ್ಲ ಮಾಯ. ಈ ಲೆನ್ಸು ವಸ್ತುವನ್ನು ಹತ್ತಿರ ತೋರಿಸುವುದಷ್ಟೇ ಅಲ್ಲ, ವಸ್ತುಗಳ ನಡುವಿನ ದೂರವನ್ನೇ ತಿಂದುಬಿಡುತ್ತದೆ. ನನ್ನ ತೀರ್ಮಾನ ಹೀಗಿತ್ತು: ಬೆಳಗಿನ ಹೊತ್ತು ಒಳ್ಳೆಯ ಸಾಕ್ಷಿ, ಮಧ್ಯಾಹ್ನ ಕುಡುಕ, ದೂರದ ವಿಷಯದಲ್ಲಂತೂ ಯಾವ ಹೊತ್ತಿನಲ್ಲೂ ನಂಬಬಾರದ್ದು. ನಮ್ಮ ತಕರಾರು ಇದ್ದದ್ದೇ ದೂರದ ಬಗ್ಗೆ.

ಆದರೂ ಒಯ್ದೆ. ಸಿಡಿತದ ಅದುರಿಗೆ ಸಣ್ಣವ್ವನ ಗೋಡೆ ಬಿಟ್ಟ ಬಿರುಕುಗಳನ್ನಾದರೂ ತೆಗೆಯಬಹುದು ಎಂದುಕೊಂಡಿದ್ದೆ. ಕಿಟಕಿಯ ಮೂಲೆಯಿಂದ ಸೂರಿನವರೆಗೆ ಹೋದ ಒಂದು ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ಕಮಲಾಪುರದಲ್ಲಿ ಬಸ್ಸಿಳಿದು ಮನೆಗೆ ಹೋದರೆ ಹಸಿ ಸುಣ್ಣದ ವಾಸನೆ. ಬಿರುಕಿಗೆಲ್ಲ ಸಿಮೆಂಟು ಮೆತ್ತಿ, ಮೇಲೆ ಎರಡು ಕೈ ಸುಣ್ಣ ಹಚ್ಚಿ, ಸಣ್ಣವ್ವ ಮೊಣಕೈವರೆಗೆ ಬೆಳ್ಳಗಾಗಿ ನಿಂತಿದ್ದಳು.

ಸಾಹೇಬರಿಗೆ ಇನ್ನು ಏನು ತೋರಿಸುತ್ತೀ ಎಂದು ಕೇಳಿದೆ.

“ಸಾಹೇಬ್ರು ಬರೋದು ಮುಂದಿನ ವಾರ. ನಾಳಿಗಿ ಬೀಗರು ಬರ್ತಾರ. ಬಿರುಕು ಬಿಟ್ಟ ಗ್ವಾಡಿ ತೋರ್ಸಿ, ಮಗಳನ್ನ ಕಳಸ್ರಿ ಅನ್ಲೇನು?”

ಮನೆಗೆ ಬೀಗರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬೀಳುತ್ತದೆ. ಅದು ನಮ್ಮ ಕಡೆ ಯೋಚನೆ ಮಾಡಿ ಮಾಡುವ ಕೆಲಸವಲ್ಲ. ಒಂದೇ ಗೋಡೆ ಒಬ್ಬರಿಗೆ ಗಟ್ಟಿಯಾಗಿ, ಇನ್ನೊಬ್ಬರಿಗೆ ಬಿರುಕು ಬಿಟ್ಟಂತೆ ಕಾಣಬೇಕಿತ್ತು.

ಉಳಿದದ್ದು ಫೋಟೋ. ಮನೆ ಮತ್ತು ಖಣಿ ಎರಡೂ ಒಂದೇ ಚಿತ್ರದಲ್ಲಿ ಬರಲಿ ಎಂದು ಹೆದ್ದಾರಿ ದಾಟಿ ತುಂಬ ಹಿಂದೆ ಹೋಗಿ, ಒಂದು ಮೈಲುಗಲ್ಲಿನ ಮೇಲೆ ಕ್ಯಾಮೆರಾ ಊರಿ ಪೂರ್ತಿ ಎಳೆದೆ. ಖಣಿಯ ಕರಿಯ ಬಾಯಿ ಸಣ್ಣವ್ವನ ತಗಡಿನ ನೆತ್ತಿಯ ಮೇಲೆಯೇ ತೆರೆದುಕೊಂಡಿತ್ತು. ನಡುವಿನ ತೊಗರಿ ಹೊಲ ಇಲ್ಲವೇ ಇಲ್ಲ. ಝೂಮ್ ಇಲ್ಲದೆ ಮತ್ತೊಂದು ತೆಗೆದೆ. ಅದರಲ್ಲಿ ಮನೆ ಬೆಂಕಿಪೊಟ್ಟಣದಷ್ಟು, ಖಣಿ ಉಗುರಿನ ಗೀರಿನಷ್ಟು. ಆ ಗೀರಿನಿಂದ ಯಾರೂ ಸಾಯಲಾರರು ಎನಿಸುವ ಚಿತ್ರ. ಎರಡೂ ಸುಳ್ಳೇ.

ಸಣ್ಣವ್ವ ಸೆರಗಿನ ನೆರಳಲ್ಲಿ ಮೊದಲನೆಯದನ್ನೇ ನೋಡಿದಳು. “ಹಿಂಗೇ ಅದ ನೋಡು. ನನಗ ದಿನಾ ಹಿಂಗೇ ಕಾಣ್ತದ.”

ಇದು ಲೆನ್ಸಿನ ಆಟ, ನಡುವೆ ಒಂದು ಇಡೀ ಹೊಲ ಇದೆ ಎಂದೆ.

“ಕಲ್ಲಿಗಿ ಹೊಲ ಗೊತ್ತಾಗ್ತದೇನು?”

ಮರುದಿನ ಬೀಗತಿ ಬಂದರು, ಜೊತೆಗೆ ಅವರ ಮೈದುನ. ಒಳಗೆ ಹೊರಗೆ ನೋಡಿ, ಪಡಸಾಲೆಯಲ್ಲಿ ಕೂತು, ಚಹಾದ ಬಸಿ ಎತ್ತುವ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತು. ಮುಂದಿನ ವಾರ ಬರಬೇಕಿದ್ದ ಸಾಹೇಬರು. ಈ ಕಡೆ ಬೇರೆ ಕೆಲಸವಿತ್ತಂತೆ, ಹಾಗೇ ಇದನ್ನೂ ಮುಗಿಸಿಬಿಡೋಣ ಎಂದು ಬಂದಿದ್ದರು. ಹೊಲದ ಆಚೆ ಈಗಾಗಲೇ ಅಳತೆ ಮಾಡಿಸಿ ಬಂದಿದ್ದರು. ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು ನೋಡಿದರು.

“ಗ್ವಾಡಿ ಗಟ್ಟಿ ಅದಲ್ಲ ತಾಯಿ. ಬಿರುಕು ಎಲ್ಲದ?”

ಬೀಗತಿ ತಲೆ ಆಡಿಸಿ, ಮನೆ ಛಲೋ ಇಟ್ಟಿದ್ದೀರಿ ಎಂದರು. ಸಣ್ಣವ್ವ ಬಯಸಿದ್ದ ಮಾತು ಬಂದಿತ್ತು, ಹೆದರಿದ್ದ ಮಾತಿನ ಬೆನ್ನಿಗೇ. ಸುಣ್ಣದ ಕೆಳಗೆ ನೋಡಿ ಎಂದು ನಾನು ಸಾಹೇಬರಿಗೆ ಹೇಳಬಹುದಿತ್ತು. ಹೇಳಿದರೆ ಬೀಗತಿಗೂ ಕೇಳುತ್ತಿತ್ತು. ಆ ಪಡಸಾಲೆಯಲ್ಲಿ ಹಿಡಿಯಲು ನನಗೆ ಒಂದೂ ಪಕ್ಷ ಸಿಗಲಿಲ್ಲ.

ಸಣ್ಣವ್ವ ನನ್ನ ಕಡೆ ತಿರುಗಿ, “ಆ ಫೋಟೋ ತೋರ್ಸು ಯವ್ವಾ,” ಎಂದಳು.

ತೋರಿಸಿದೆ. ಸಾಹೇಬರು ನೋಡಿದರು, ಸಿಟ್ಟಾಗಲಿಲ್ಲ. “ಝೂಮ್ ಹಾಕಿ ತೆಗ್ದೀರಿ. ಇದರಾಗ ಕಲಬುರಗಿನೂ ಇಲ್ಲೇ ಕಾಣ್ತದ.” ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅಳತೆ ನಿಯಮಕ್ಕೆ ಸರಿ ಇದೆ, ಸ್ವಲ್ಪ ಹೆಚ್ಚೇ ಇದೆ ಎಂದರು. ಕಲ್ಲು ಬಂದು ಬಿದ್ದದ್ದು ನಿಯಮ ನೋಡಿಯೇ ಎಂದು ನಾನು ಕೇಳಿದೆ. ಅದು ಪ್ರಶ್ನೆಯಾಗಿ ಚೆನ್ನಾಗಿತ್ತು, ಅಷ್ಟೇ. ಅವರು ಕ್ಯಾಮೆರಾ ವಾಪಸು ಚಾಚಿದರು. ನಾನು ಹಿಡಿಯುವ ಮೊದಲೇ ಬೀಗತಿ ಕೈ ಒಡ್ಡಿದರು. ತುಂಬ ಹೊತ್ತು ನೋಡಿದರು.

“ಇಷ್ಟ್ ಹತ್ರ ಅದ ಏನ್ರೀ ಖಣಿ?”

ಸಾಹೇಬರೇ ಮುಂದಾಗಿ ಧೈರ್ಯ ಹೇಳಿದರು, ಹಾಗೇನಿಲ್ಲ, ಮಷೀನು ಹತ್ತಿರ ತೋರಿಸುತ್ತದೆ, ನಡುವೆ ಹೊಲ ಇದೆ ಎಂದು. ಅದು ನಿಜ. ನಿನ್ನೆ ಅದನ್ನೇ ನಾನೂ ಹೇಳಿದ್ದೆ. ಸಾಹೇಬರ ಮಾತಿಗೆ ಹೌದು ಎಂದರೆ ಖಣಿಗೆ ಗೆಲುವು, ಅಲ್ಲ ಎಂದರೆ ಸಣ್ಣವ್ವನ ಮಗಳು ಬರುವುದಿಲ್ಲ. ನಾನು ಬಾಯಿ ತೆರೆದಿದ್ದೆ. ಸಣ್ಣವ್ವ ಮೊದಲು ಮಾತಾಡಿದಳು.

“ಹೌದ್ರಿ ಯಕ್ಕಾ, ಇಷ್ಟೇ ಹತ್ರ ಅದ. ನಮ್ಮತ್ತಿ ಆ ಒಲಿ ಮುಂದೇ ಕುಂತಿದ್ಳು.”

ಬೀಗತಿ ಬಸಿ ಕೆಳಗಿಟ್ಟರು. ಸಾಹೇಬರ ಕಡೆ ನೋಡಿ, ದೂರ ಇದ್ದರೆ ಆ ಮುದುಕಿ ಹೆಂಗೆ ಸತ್ತಳು ಎಂದು ಮೆಲ್ಲಗೆ ಕೇಳಿದರು. ಸಾಹೇಬರು ವಯಸ್ಸಿನ ಮಾತು ಎತ್ತಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡು ಜೀಪು ಹತ್ತಿದರು. ಆಮೇಲೆ ಬೀಗತಿ ಸಣ್ಣವ್ವನಿಗೆ ಹೇಳಿದರು: “ಹುಡುಗಿ ನಮ್ಮಲ್ಲೇ ಇರ್ಲಿ ಬಿಡ್ರಿ. ನೀವು ಬೇಕಂದಾಗ ಬರ್ರಿ.”

ಕ್ಯಾಮೆರಾ ಚಾಚಾಗೆ ಹಿಂದಿರುಗಿಸಿದೆ. ಹೇಗಿದೆ ಎಂದು ಕೇಳಿದರು. ಒಳ್ಳೆಯದಿದೆ, ಊರೂರು ತಿರುಗುವವರಿಗೆ, ಹಕ್ಕಿ ತೆಗೆಯುವವರಿಗೆ ಕೊಡಿ ಎಂದೆ. ಖಣಿ ನಿಲ್ಲಲಿಲ್ಲ, ಈಗಲೂ ಮಧ್ಯಾಹ್ನ ಸಿಡಿಯುತ್ತದೆ.

ಹುಮನಾಬಾದಿನಲ್ಲಿ ಹೆಣ್ಣು ಮಗು ಹುಟ್ಟಿತು. ಸಣ್ಣವ್ವನ ಜೊತೆ ನಾನೂ ಹೋಗಿದ್ದೆ. ಬಾಣಂತಿಗೆ ಅಂಟಿನ ಉಂಡಿಯ ಡಬ್ಬಿ, ಕೂಸಿನ ತಲೆಗೆ ಹಳೆ ಸೀರೆ ಹರಿದು ಹೊಲಿದ ಕುಂಚಿಗೆ ಒಯ್ದಿದ್ದಳು. ಒಳಗಿನ ಕೋಣೆಯಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರು. ಸಣ್ಣವ್ವ ಎದ್ದು ಸೀರೆ ಮೇಲೆ ಕಟ್ಟಿ, ನಾ ಎರೀತೇನಿ ಎಂದು ಬಾಗಿಲವರೆಗೆ ಹೋದಳು. ಬೀಗತಿ ಅಕ್ಕರೆಯಿಂದಲೇ ಅವಳ ಕೈ ಹಿಡಿದು ಪಡಸಾಲೆಗೆ ಕರೆತಂದು, ಬಂದವರ ಕೈಲಿ ಕೆಲಸ ಮಾಡಿಸಬಾರದು, ಕೂಡ್ರಿ ಎಂದು ಕುರ್ಚಿ ಎಳೆದರು. ಒಳಗೆ ಮಗು ಅಳುತ್ತಿತ್ತು. ಸಣ್ಣವ್ವ ಕೂತಳು.