ಅಪ್ಪನ ತಂಬಾಕು ಸಂಚಿ

ಆಗೆಲ್ಲ ಮಡಕಶಿರದ ಸುತ್ತಿನ ಊರುಗಳಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳಕ್ಕೇ ಮನೆಯಲ್ಲಿ ಹೆಚ್ಚು ಜಾಗ. ಹುಳ ನಡುಮನೆಯಲ್ಲಿ, ನಾವು ಜಗಲಿಯಲ್ಲಿ. ಹಸಿ ಸೊಪ್ಪಿನ ವಾಸನೆ, ಹಿಕ್ಕೆಯ ವಾಸನೆ, ಬಾಗಿಲಲ್ಲಿ ಚೆಲ್ಲಿದ ಸುಣ್ಣದ ವಾಸನೆ. ಅಂಥ ಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಿಕ್ಕವರಿಗೆ ಒಂದು ಮಾತು: ಹುಳವಿರುವ ಮನೆಗೆ ಹೋಗುವ ಮುಂಚೆ ಕೈ ತೊಳೆಯಿರಿ. ತಂಬಾಕು ಇಟ್ಟುಕೊಂಡಿದ್ದರೆ ಹೋಗಲೇಬೇಡಿ. ಅದರ ಪುಡಿ ತಾಗಿದ ಸೊಪ್ಪು ತಿಂದರೆ ಹುಳ ತಲೆಯೆತ್ತಿ ಕಕ್ಕಿಕೊಂಡು ಸಾಯುತ್ತದೆ.

ಮೊನ್ನೆ ನನ್ನ ಮಗಳು ಫೋನಿನಲ್ಲಿ ಜಪಾನಿನ ಮಾಂಗಾ ಓದುತ್ತಾ ಅಳುತ್ತಿದ್ದಳು. ಚಿತ್ರಕತೆ, ಬಲದಿಂದ ಎಡಕ್ಕೆ ಓದಬೇಕಂತೆ. ಅದರಲ್ಲೊಬ್ಬ ಹುಡುಗ. ಹೆತ್ತವರನ್ನು ಕೊಂದವನ ಮೇಲೆ ಸೇಡು ತೀರಿಸಲು ಕತ್ತಿ ಕಲಿಯುತ್ತಾನೆ. ಅಷ್ಟರಲ್ಲಿ ಯಾರೋ ಅನ್ನ ಹಾಕಿ ಮಗನಂತೆ ಸಾಕಿರುತ್ತಾರೆ. ಈಗ ಸೇಡು ತೀರಿಸಿದರೆ ಸಾಕಿದ ಮನೆ ಹಾಳು. "ನೀನಾಗಿದ್ರೆ ಏನ್ಮಾಡ್ತಿದ್ದೆ ಅಮ್ಮಾ?" ಅಂದಳು. "ಊಟಕ್ಕೆ ಏಳು" ಅಂದೆ.

ನಮ್ಮದು ರಾಯದುರ್ಗದ ಕಡೆ, ಗುಮ್ಮಘಟ್ಟದ ಹತ್ತಿರ. ಅವ್ವ ನನ್ನನ್ನು ಹೆತ್ತ ವರ್ಷವೇ ಹೋದಳು. ಕಡಲೆಕಾಯಿ ಕಿತ್ತ ಮೇಲೆ ಅಪ್ಪ ಕುರಿ ಹೊಡೆದುಕೊಂಡು ಮಡಕಶಿರದ ಕಡೆ ಬರುತ್ತಿದ್ದ. ಹೊಲದಲ್ಲಿ ಮಂದೆ ನಿಲ್ಲಿಸಿದರೆ ರೈತರಿಗೆ ಗೊಬ್ಬರ, ನಮಗೆ ಕಾಳು. ನನಗಾಗ ಹತ್ತೋ ಹನ್ನೊಂದೋ. ಆ ವರ್ಷ ನಮ್ಮ ಕುರಿಗಳು ತಿಮ್ಮಪ್ಪ ಎನ್ನುವವನ ಹಿಪ್ಪುನೇರಳೆ ತೋಟಕ್ಕೆ ಬಾಯಿ ಹಾಕಿದವು. ಬಾವಿಯ ಅಂಚಿನಲ್ಲಿ ಜಗಳ. ತಿಮ್ಮಪ್ಪ ಎರಡೂ ಕೈಯಿಂದ ಅಪ್ಪನ ಎದೆಗೆ ನೂಕಿದ. ಬಾವಿಯಲ್ಲಿ ನೀರಿಗಿಂತ ಬಂಡೆ ಹೆಚ್ಚಿತ್ತು.

ಕಾಲು ಜಾರಿತು ಅಂತ ತಿಮ್ಮಪ್ಪ ಹೇಳಿದ. ಊರೂ ಅದನ್ನೇ ಹೇಳಿತು. ಬೇಲಿ ಮರೆಯಲ್ಲಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಚಿಕ್ಕಪ್ಪ ಬಂದು ಕುರಿ ಹೊಡೆದುಕೊಂಡು ಹೋದ. ನನ್ನನ್ನು ಉಗಾದಿಗೆ ಕರೆದೊಯ್ಯುತ್ತೇನೆ ಅಂದಿದ್ದ. ಬರಲಿಲ್ಲ.

ಪಕ್ಕದ ತೋಟದ ಗಂಗಮ್ಮ, ಅವಳ ಗಂಡ ಮುದ್ದಣ್ಣ ನನ್ನನ್ನು ಇಟ್ಟುಕೊಂಡರು. ನನ್ನ ಮಾತೇ ಅವರಿಗೆ ತಮಾಷೆ. "ಮುದ್ದಿ ಸಾಕ್ರಿ, ಬ್ಯಾಡ್ರಿ" ಅಂದರೆ ಮುದ್ದಣ್ಣ, "ಏನ್ ಮರ್ಯಾದೆ ನೋಡೇ! ನಮ್ಮನೆಗೆ ತಾಸಿಲ್ದಾರಮ್ಮ ಬಂದವ್ರೆ" ಅನ್ನುತ್ತಿದ್ದ. "ಸುಮ್ಕಿರು, ಮಗೀನ ರೇಗಿಸ್ಬ್ಯಾಡ" ಎಂದು ಗಂಗಮ್ಮ ನನ್ನ ತಟ್ಟೆಗೆ ಹುರುಳಿ ಸಾರು ಸುರಿಯುತ್ತಿದ್ದಳು.

ನನ್ನ ಹತ್ತಿರ ಉಳಿದದ್ದು ಅಪ್ಪನ ತಂಬಾಕು ಸಂಚಿ ಒಂದೇ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಒಲೆಗೆ ಹಾಕುತ್ತಿದ್ದರು. ಗಂಗಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿತ್ತಿಲ ಹುಣಸೆಮರಕ್ಕೆ ಕಟ್ಟಿದಳು. "ನಿಮ್ಮಪ್ಪುಂದು. ಇಲ್ಲೇ ಇರ್ತೈತೆ. ಮುಟ್ಟಿದ್ರೆ ಕೈ ತೊಳ್ಕಂಡ್ ಬಾ, ಅಷ್ಟೇಯ." ಒಳಗೆ ಬಿಡುವ ಮುಂಚೆ ದಿನವೂ ನನ್ನ ಎರಡೂ ಕೈ ಮೂಸಿ ನೋಡುತ್ತಿದ್ದಳು.

ನೋಡಿದ್ದನ್ನು ಅವಳಿಗೂ ಹೇಳಲಿಲ್ಲ. ನಮ್ಮ ತೋಟಕ್ಕೆ ನೀರು ಬರುತ್ತಿದ್ದದ್ದು ತಿಮ್ಮಪ್ಪನ ಆ ಬಾವಿಯಿಂದಲೇ. ಬಾಯಿ ಬಿಟ್ಟರೆ ನೀರು ನಿಲ್ಲುತ್ತದೆ. ನೀರು ನಿಂತರೆ ಸೊಪ್ಪಿಲ್ಲ, ಹುಳವಿಲ್ಲ, ನನಗೆ ಮುದ್ದೆಯಿಲ್ಲ. ಅದು ನಾನು ಕುದುರಿಸಿದ ಮೊದಲ ವ್ಯಾಪಾರ. ದುಃಖವಾಗುತ್ತಿತ್ತೇ ಎಂದು ಕೇಳಬೇಡಿ. ಜೋಮು ಹಿಡಿದ ಕಾಲನ್ನು ಚಿವುಟಿಕೊಂಡರೆ ಹೇಗಿರುತ್ತದೋ ಹಾಗಿತ್ತು.

ಬೇಸಿಗೆಯ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದವು. ಪೊರೆ ಬಿಡಲು ಹುಳ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಎದ್ದ ಮೇಲೆ ತಿನ್ನುವುದೊಂದೇ ಕೆಲಸ, ಬೆರಳುದ್ದ ಬೆಳೆಯುತ್ತವೆ. ನಮ್ಮ ಮನೆ ಸಾಲಲಿಲ್ಲ. ತಿಮ್ಮಪ್ಪನ ಹುಳ ಮನೆ ದೊಡ್ಡದು, ಹುಳ ಹಾಸಿದ ನಮ್ಮ ಅರ್ಧ ಬಿದಿರು ತಟ್ಟೆಗಳು ಅಲ್ಲಿಗೆ ಹೋದವು. ಒಂದು ಮಧ್ಯಾಹ್ನ ಗಂಗಮ್ಮ ನನ್ನ ತಲೆಗೆ ಸೊಪ್ಪಿನ ಹೊರೆ ಇಟ್ಟು, "ತಿಮ್ಮಪ್ಪಣ್ಣನ್ ತಾವ ಹಾಕ್ ಬಾರಮ್ಮಿ" ಅಂದಳು.

ಹಿತ್ತಿಲ ಕಡೆಯಿಂದ ಹೋದೆ. ಮರದಿಂದ ಸಂಚಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ತಿಮ್ಮಪ್ಪ ತಟ್ಟೆಗಳ ಕಸ ತೆಗೆಯುತ್ತಿದ್ದ. ಹೊಸಿಲಾಚೆ ನಿಂತು, "ನಿಮ್ಮ ತಟ್ಟಿ ಯಾವ್ರಿ, ನಮ್ಮವು ಯಾವ್ರಿ?" ಎಂದು ಕೇಳಿದೆ.

ಅವನು ನಕ್ಕ. "ಹುಳದ್ ಮ್ಯಾಲೆ ಹೆಸ್ರು ಬರ್ದೈತೇನಮ್ಮಿ? ಎಲ್ಲಾ ಬೆರ್ತೋದ್ವು. ಗೂಡಾದ್ಮೇಲೆ ಅರ್ಧ ನಿಮ್ಗೆ, ಅರ್ಧ ನಮ್ಗೆ." ಹಾಗಂದು ನೀರು ಕುಡಿಯಲು ಹೋದ.

ಹೊಸಿಲಲ್ಲೇ ಸಂಚಿ ಬಿಚ್ಚಿದೆ. ಅಪ್ಪನ ವಾಸನೆ ಬಂತು. ಒಳಗೆ ಅವನ ಹುಳವೂ ಗಂಗಮ್ಮನ ಹುಳವೂ ಒಂದೇ ಬಿಳುಪು, ಒಂದೇ ಹಸಿವು. ತುಂಬ ಹೊತ್ತು ನೋಡಿದೆ. ಆಮೇಲೆ ಸಂಚಿ ಕಟ್ಟಿ ಗೋಡೆಯಾಚೆ ಇಟ್ಟು, ಬಾನಿಯಲ್ಲಿ ಕೈ ತಿಕ್ಕಿ ತೊಳೆದು, ಸೊಪ್ಪು ಹಾಕಿ ಬಂದೆ.

ಮನೆ ಬಾಗಿಲಲ್ಲಿ ಗಂಗಮ್ಮ ಕೈ ಮೂಸಿದಳು. ಸಂಚಿ ಮತ್ತೆ ನನ್ನ ಸೊಂಟದಲ್ಲಿತ್ತು.

"ಹುಳದ್ ಮನೆ ಒಳಿಕ್ ತಗಂಡೋಗಿದ್ದೇನಮ್ಮಿ?"

"ಹೊಸ್ತಲಾ ದಾಟಿಲ್ರಿ. ಕೈ ತೊಳದೀನ್ರಿ."

"ಮತ್ಯಾಕ್ ಒಯ್ದೆ?"

"ಅಪ್ಪ ಜಾರಿಲ್ರಿ. ಅವ್ರು ನೂಕಿದ್ರು."

ಅವಳು ಅಲ್ಲೇ ಕೂತಳು. ಆಮೇಲೆ ಸೀಗೆಪುಡಿ ತಂದು ನನ್ನ ಕೈಗಳನ್ನು ತಾನೇ ಇನ್ನೊಮ್ಮೆ ತೊಳೆದಳು. ಸಂಜೆ ತಿಮ್ಮಪ್ಪನ ಅಂಗಳದಲ್ಲಿ ನಿಂತು ಮುಖಕ್ಕೇ ಕೇಳಿ ಬಂದಳು. ಊರು ಮಾತ್ರ ಮೊದಲಿನ ಮಾತನ್ನೇ ಹಿಡಿಯಿತು. ಪೊಲೀಸರ ತನಕ ಹೋಗಲು ಜೊತೆಗೆ ಯಾರೂ ಬರಲಿಲ್ಲ. ಅರ್ಧ ತಟ್ಟೆಗಳನ್ನು ಹೊತ್ತು ತಂದ ಮುದ್ದಣ್ಣ, "ಇಷ್ಟ್ ಹುಳಾನ ಎಲ್ಲಿಕ್ತೀಯೆ?" ಅಂದ. "ನಾವು ಆಚೆ ಮಲಗಾನ" ಅಂದಳು.

ಆ ಬೆಳೆಯ ಗೂಡು ಬಿಡಿಸುವಷ್ಟರಲ್ಲಿ ಬಾವಿಯ ನೀರು ನಿಂತಿತ್ತು. ಹಿಪ್ಪುನೇರಳೆ ಒಣಗಿತು. ಕಿತ್ತು ರಾಗಿ ಹಾಕಿದರು. ಆ ಮನೆಗೆ ಮತ್ತೆ ಹುಳ ಬರಲಿಲ್ಲ. ನನ್ನ ಮುದ್ದೆ ಒಂದು ದಿನವೂ ತಪ್ಪಲಿಲ್ಲ.

ಈಗ ನಾನೇ ಗೂಡಿನ ವ್ಯಾಪಾರ ಮಾಡುತ್ತೇನೆ. ಯಾರೂ ಕಲಿಸಲಿಲ್ಲ, ಕಲಿತೆ. ಗೂಡು ಕೊಳ್ಳುವವರು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಗಡಗಡ ಅಂದರೆ ಸರಿಯಿದೆ. ಸದ್ದೇ ಇಲ್ಲದಿದ್ದರೆ ಹುಳ ಒಳಗೇ ಸತ್ತು ಅಂಟಿಕೊಂಡಿರುತ್ತದೆ. ತಿಮ್ಮಪ್ಪನ ಮಕ್ಕಳೂ ನನ್ನ ಹತ್ತಿರವೇ ಮಾರುತ್ತಾರೆ. ಎಲ್ಲರಿಗೆ ಕೊಡುವ ದರವನ್ನೇ ಅವರಿಗೂ ಕೊಡುತ್ತೇನೆ. ಒಳಗೇನಾದರೂ ಅಲ್ಲಾಡೀತೇ ಎಂದು ನನ್ನನ್ನು ನಾನೇ ನೋಡಿಕೊಳ್ಳುತ್ತೇನೆ. ಸದ್ದಿಲ್ಲ.

ಸಂಚಿ ಬೀರುವಿನಲ್ಲಿದೆ. ವಾಸನೆ ಹೋಗಿ ವರ್ಷಗಳಾದವು. ಗಂಗಮ್ಮನೂ ಹೋದಳು. ಸಂತೆಯಿಂದ ಬಂದವಳು ಈಗಲೂ ಕೈ ತೊಳೆದು ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. "ಯಾಕಮ್ಮಾ ಅಲ್ಲೇ ನಿಂತೆ, ಒಳಗೆ ಬಾ" ಅನ್ನುತ್ತಾಳೆ ಮಗಳು, ಫೋನಿನಿಂದ ತಲೆಯೆತ್ತದೆ. ಕೈ ಮೂಸಿ ನೋಡಿ ಒಳಗೆ ಬಿಡುವವರು ಯಾರೂ ಇಲ್ಲ. ಸುಮ್ಮನೆ ಒಳಗೆ ಹೋಗುತ್ತೇನೆ.